ಮೂವತ್ತನಾಲ್ಕು ಎಲೆ, ಅನ್ನ ಇನ್ನೂ ಇಲ್ಲ

೧

ಹೇಗೆ ಶುರು ಮಾಡುವುದು ಎಂಬ ತಕರಾರಿನಲ್ಲೇ ಎರಡು ದಿನ ಕಳೆದೆ. ಮೊದಲ ಡ್ರಾಫ್ಟಿನಲ್ಲಿ ಮೈಲಾಪೂರಿನ ಕೆರೆಯ ಮೇಲೆ ಸೂರ್ಯ ಹುಟ್ಟುತ್ತಿದ್ದ. ಹರಿದು ಹಾಕಿದೆ, ಸೂರ್ಯ ನನ್ನ ಸಹಾಯವಿಲ್ಲದೆಯೂ ಹುಟ್ಟುತ್ತಾನೆ. ಎರಡನೆಯದು ಡಿಕಾಕ್ಷನ್ನಿನ ಪರಿಮಳದಿಂದ ಶುರುವಾಗಿತ್ತು. ಮದರಾಸಿನ ಬಗ್ಗೆ ಬರೆಯುವವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ, ನನಗೂ ಸ್ವಲ್ಪ ಮಾನ ಇದೆ. ಮೂರನೆಯದು ಹೀಗಿದೆ:

೧೯೫೯ರ ಒಂದು ಬುಧವಾರ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಮೈಲಾಪೂರಿನ ಒಂದು ಹೋಟೆಲಿನಲ್ಲಿ ಮೂವತ್ತನಾಲ್ಕು ಮಂದಿ ಬಾಳೆಲೆಯ ಮುಂದೆ ಕೂತಿದ್ದರು. ಒಳಗೆ ಒಲೆ ಹತ್ತಿರಲಿಲ್ಲ.

ಇದು ಪರವಾಗಿಲ್ಲ. ಇದನ್ನೇ ಇಟ್ಟುಕೊಳ್ಳೋಣ.

(ಹೋಟೆಲಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಒಬ್ಬರು, ಅದರ ಸಾಂಬಾರು ಹಾಗಿರಲಿಲ್ಲ, ಹೀಗಿತ್ತು ಎಂದು ಪತ್ರ ಬರೆಯುತ್ತೀರಿ.)

೨

ನಾನು ಯೋಜನೆಯಿಲ್ಲದೆ ಕಥೆಗೆ ಕೈಹಾಕುವ ಜಾತಿಯವನಲ್ಲ. ಹದಿನಾಲ್ಕು ಪುಟದ ಪ್ಲಾನ್ ಮಾಡಿಟ್ಟುಕೊಂಡಿದ್ದೆ. ಯಾರು ಎಲ್ಲಿ ನಿಲ್ಲಬೇಕು, ಯಾವ ಮಾತಾಡಬೇಕು, ಯಾವ ಮಾತಿಗೆ ಓದುಗರ ಕಣ್ಣು ಒದ್ದೆಯಾಗಬೇಕು, ಎಲ್ಲ ಅದರಲ್ಲಿತ್ತು. ನಾಯಕ ವಿಷ್ಣುಮೂರ್ತಿ. ಇಪ್ಪತ್ತಾರು ವಯಸ್ಸು, ಕುಂದಾಪುರದ ಕಡೆಯವನು, ಆ ಹೋಟೆಲಿನಲ್ಲಿ ಸಪ್ಲೈಯರ್. ಪ್ಲಾನಿನ ಪ್ರಕಾರ ಅವನು ಮೊದಲ ಪುಟದಲ್ಲೇ "ಅಯ್ಯೋ ದೇವರೇ, ನಾನೀಗ ಏನು ಮಾಡಲಿ" ಎನ್ನಬೇಕಿತ್ತು. ಅವನು ಅನ್ನಲಿಲ್ಲ. ಹೆಗಲ ಮೇಲಿನ ಬಟ್ಟೆ ತೆಗೆದು ನನ್ನ ಬರೆಯುವ ಮೇಜನ್ನೊಮ್ಮೆ ಒರೆಸಿ ಎದುರು ನಿಂತ.

"ಹ್ವಾಯ್, ನಂಗೆ ಮಾತ್ ಬರ್ದ್ ಕೊಡ್ಬೇಡಿ. ಬರ್ದದ್ದ್ ನನ್ ಬಾಯಲ್ ಬತ್ತಿಲ್ಲೆ."

"ಮತ್ತೆ ನಾನು ಯಾತಕ್ಕಿರುವುದು?" ಎಂದೆ.

"ನೀವ್ ಪದ ಹಾಕಿ. ಅರ್ಥ ನಾ ಹೇಳ್ತೆ."

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ: ತಾಳಮದ್ದಳೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ. ಪಾತ್ರಧಾರಿಗಳು ಪಂಚೆ ಶಲ್ಯದಲ್ಲೇ ಎದುರುಬದುರು ಕೂತು ಬರೀ ಮಾತಿನಲ್ಲಿ ಕಾದಾಡುತ್ತಾರೆ. ಆ ಮಾತಿಗೆ ಅರ್ಥ ಎಂದು ಹೆಸರು, ಆಡುವವನು ಅರ್ಥಧಾರಿ. ಪದ ಪುಸ್ತಕದಲ್ಲಿರುತ್ತದೆ, ಅರ್ಥ ಎಲ್ಲಿಯೂ ಇರುವುದಿಲ್ಲ. ಅಲ್ಲೇ, ಆಗಲೇ ಹುಟ್ಟಬೇಕು. ಒಳ್ಳೆಯ ಅರ್ಥಧಾರಿ ಎದುರಿನವನ ಮಾತನ್ನು ಇಲ್ಲ ಎಂದು ಕತ್ತರಿಸುವುದಿಲ್ಲ. "ನಿನ್ನ ಕಿರೀಟ ಓರೆಯಾಗಿದೆಯಲ್ಲ" ಎಂದು ಎದುರಿನವನು ಅಂದರೆ, ಬೋಳುತಲೆಯಲ್ಲಿ ಕೂತವನಿಗೂ ಕಿರೀಟ ಇದೆ, ಅದು ಓರೆಯೂ ಆಗಿದೆ. ಯಾಕೆ ಓರೆಯಾಯಿತು ಎಂದು ಹೇಳುವುದಷ್ಟೇ ಅವನ ಕೆಲಸ.

ಊರಿನ ಕೂಟಗಳಲ್ಲಿ ವಿಷ್ಣುಮೂರ್ತಿಗೆ ಸಿಗುತ್ತಿದ್ದದ್ದು ಬಾಗಿಲು ಕಾಯುವವನ ಪಾತ್ರ, ಎರಡೇ ಮಾತು. ಮದರಾಸಿನಲ್ಲಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಹೋಟೆಲಿನ ಮಹಡಿಯ ಮೇಲೆ ಕೆಲಸದವರೆಲ್ಲ ಸೇರುತ್ತಿದ್ದರು. ಅಡುಗೆಯ ಗುಂಡಣ್ಣನದು ಭಾಗವತಿಕೆ. ಅಲ್ಲಿ ವಿಷ್ಣುಮೂರ್ತಿ ದೂತ. ಕತ್ತಿಯಿಲ್ಲದೆ, ಸೈನ್ಯವಿಲ್ಲದೆ, ವೈರಿಯ ಸಭೆಗೆ ಒಬ್ಬನೇ ನಡೆದು ಹೋಗಿ ಬರೀ ಬಾಯಿಂದ ಗೆದ್ದು ಬರುವವನು. ಆ ಎರಡು ಗಂಟೆಗೋಸ್ಕರ ಅವನು ವಾರವಿಡೀ ಎಂಜಲು ಟೇಬಲ್ ಒರೆಸುತ್ತಿದ್ದ.

೩

ಆದರೆ ಈ ಕಥೆ ನಡೆಯುವ ಹೊತ್ತಿಗೆ ಅವನ ಬಾಯಿಗೆ ಬೀಗ ಬಿದ್ದು ಹತ್ತೊಂಬತ್ತು ದಿನವಾಗಿತ್ತು.

ಆದದ್ದಿಷ್ಟು. ಒಬ್ಬ ಗಿರಾಕಿ ಸಾಂಬಾರನ್ನು ಕಲಕಿ, "ಏನಯ್ಯಾ, ಇದರಲ್ಲಿ ನುಗ್ಗೇಕಾಯಿ ಕಾಣೆಯಾಗಿದೆ" ಎಂದ. ನಮ್ಮವನು ಅಭ್ಯಾಸಬಲದಿಂದ ಒಪ್ಪಿಕೊಂಡುಬಿಟ್ಟ. ಹೌದು ಕಾಣೆಯಾಗಿದೆ, ಕಾಣೆಯಾದದ್ದು ಹೇಗೆಂದರೆ, ಎಂದು ಶುರು ಮಾಡಿ ನುಗ್ಗೇಕಾಯಿಯ ಅಪಹರಣದ ಕಥೆಯನ್ನು ಅರ್ಧ ಗಂಟೆ ಹೇಳಿದ. ತಿಂದು ಮುಗಿಸಿದವರೂ ಏಳಲಿಲ್ಲ. ಹೊರಗೆ ಕಾದವರು ಬೇರೆ ಹೋಟೆಲಿಗೆ ಹೋದರು.

ಧಣಿ ರಘುರಾಮ ಹೊಳ್ಳರು ಗಲ್ಲಾ ಬಿಟ್ಟು ಬಂದರು. "ಇನ್ನೊಂದ್ ತಿಂಗ್ಳ್ ನಿನ್ ಬಾಯಲ್ ತಿಂಡಿ ಹೆಸ್ರ್ ಬಿಟ್ಟ್ ಬೇರೆಂತದೂ ಬರೂಕಾಗ. ಬಂತೋ, ಟ್ರಂಕ್ ತಕಂಡ್ ಮಂಗ್ಳೂರ್ ಮೇಲ್ ಹತ್ತ್. ಭಾನುವಾರದ್ ಕೂಟವೂ ಬಂದ್!"

ಇಷ್ಟಕ್ಕೇ ಇಷ್ಟು ಸಿಟ್ಟೇ ಎಂದು ನಿಮಗೆ ಅನಿಸಬಹುದು. ಹೊಳ್ಳರೂ ಒಂದು ಕಾಲದಲ್ಲಿ ಅರ್ಥಧಾರಿ. ಹನ್ನೊಂದು ವರ್ಷದ ಹಿಂದೆ ಊರಿನ ಕೂಟದಲ್ಲಿ ರಾಜನಾಗಿ ಕೂತಿದ್ದಾಗ ದೂತ ಒಂದು ಪ್ರಶ್ನೆ ಕೇಳಿದ. ಉತ್ತರ ಹೊಳೆಯಲಿಲ್ಲ. ಭಾಗವತರು ಪದವನ್ನು ಮತ್ತೆ ಎತ್ತಿಕೊಟ್ಟರು, ಹೊಳೆಯಲಿಲ್ಲ. ಎರಡನೆಯ ಸಲ ಎತ್ತಿಕೊಟ್ಟರು. ಸಭೆಯಲ್ಲಿ ಯಾರೋ ಕೆಮ್ಮಿದರು. ಮುಂದಿನ ವಾರವೇ ಹೊಳ್ಳರು ಮದರಾಸಿನ ರೈಲು ಹತ್ತಿದರು, ಆಮೇಲೆ ಯಾವ ಕೂಟದಲ್ಲೂ ಕೂರಲಿಲ್ಲ. ಮಹಡಿಯ ಮೇಲೆ ಮದ್ದಳೆ ನುಡಿದಾಗ ಅವರು ಕೆಳಗೆ ಕೂತು ಗೋಡೆ ನೋಡುತ್ತಿದ್ದರು.

("ಅದ್ನೆಲ್ಲ ಬರೆಯೂಕೆ ನಿಮ್ಗ್ ಯಾರ್ ಹೇಳಿದ್ದ್?" ಎಂದು ಹೊಳ್ಳರು ಈಗ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾರೆ. ಕ್ಷಮಿಸಿ ಹೊಳ್ಳರೇ. ಹೇಳದಿದ್ದರೆ ನಿಮ್ಮನ್ನು ಬರೀ ಕೋಪಿಷ್ಠ ಅಂದುಕೊಳ್ಳುತ್ತಾರೆ.)

೪

ಈಗ ಸ್ವಲ್ಪ ಪಂಚಾಂಗ. ಬೇಸರವಾದರೆ ಹಾರಿಸಿ ಓದಿ, ಆದರೆ ಆಮೇಲೆ ಒಲೆ ಯಾಕೆ ಹತ್ತಿರಲಿಲ್ಲ ಎಂದು ನನ್ನನ್ನು ಕೇಳಬೇಡಿ.

ಏಕಾದಶಿ ದಿನ ಉಪವಾಸ, ಮಾರನೆಯ ದ್ವಾದಶಿಯಂದು ಬೆಳಿಗ್ಗೆ ಬೇಗ ಊಟ. ಮೈಲಾಪೂರಿನಲ್ಲಿ ಒಂಟಿಯಾಗಿದ್ದ ಮಾಧ್ವ ಗುಮಾಸ್ತರಿಗೂ ಮನೆಯಲ್ಲಿ ಬೇಯಿಸಿ ಹಾಕುವವರಿಲ್ಲದ ಮುದುಕರಿಗೂ ಹೊಳ್ಳರ ಹೋಟೆಲಿನಲ್ಲಿ ದ್ವಾದಶಿ ಬೆಳಿಗ್ಗೆ ಆರೂವರೆಗೆ ಎಲೆ ಬೀಳುತ್ತಿತ್ತು. ಅಗಸೆ ಸೊಪ್ಪಿನ ಪಲ್ಯ, ಹೆಸರುಬೇಳೆ ತೊವ್ವೆ, ಬಿಸಿ ಅನ್ನ. ಆದರೆ ಹೊಳ್ಳರು ಸ್ಮಾರ್ತರು. ವರ್ಷದಲ್ಲಿ ಕೆಲವು ಸಲ ಸ್ಮಾರ್ತರ ಏಕಾದಶಿ ಒಂದು ದಿನವಾದರೆ ಮಾಧ್ವರದ್ದು ಮರುದಿನ. ಅಂಥ ವಾರದಲ್ಲಿ ಯಾರಾದರೂ ಸಪ್ಲೈಯರ್ ಕಾಫಿ ಇಡುತ್ತಾ, "ಸ್ವಾಮಿ, ಈ ಸಲ ನಿಮ್ಮದು ಯಾವತ್ತು?" ಎಂದು ಕೇಳುತ್ತಿದ್ದ, ಒಳಗೆ ಬಂದು ಹೇಳುತ್ತಿದ್ದ. ಅಷ್ಟು ವರ್ಷ ಅದು ಹಾಗೆಯೇ ನಡೆದಿತ್ತು.

ಆ ತಿಂಗಳು ಯಾರೂ ಕೇಳಲಿಲ್ಲ. ವಿಷ್ಣುಮೂರ್ತಿಯ ಗತಿ ನೋಡಿ ಉಳಿದ ಸಪ್ಲೈಯರುಗಳೂ ಬಾಯಿ ಹೊಲಿದುಕೊಂಡಿದ್ದರು.

ಹೊಳ್ಳರು ತಮ್ಮ ಪಂಚಾಂಗ ನೋಡಿ ಮಂಗಳವಾರವೇ ದ್ವಾದಶಿ ಎಂದರು. ಗುಂಡಣ್ಣ ನಾಲ್ಕಕ್ಕೆ ಎದ್ದು ಹಂಡೆಗಟ್ಟಲೆ ಬೇಯಿಸಿದ. ಬಂದವರು ಮೂವರು. ಗುಂಡಣ್ಣ ಕೆರಳಿ, ನಾಳೆ ಏಳಕ್ಕೆ ಮುಂಚೆ ಒಲೆ ಮುಟ್ಟಿದರೆ ಕೇಳಿ ಎಂದು ಸೌಟು ಬಿಸಾಡಿದ. ಬುಧವಾರ ಆರೂ ಇಪ್ಪತ್ತಕ್ಕೆ, ಹಿಂದಿನ ದಿನವೆಲ್ಲ ತೊಟ್ಟು ನೀರು ಮುಟ್ಟದ ಮೂವತ್ತನಾಲ್ಕು ಮಾಧ್ವರು ಒಳಗೆ ಬಂದು ಕೂತರು.

ಮೊದಲಿಗರು ನಿವೃತ್ತ ಹೆಡ್ಮಾಸ್ಟರು ಹರಿದಾಸ ರಾಯರು. "ದ್ವಾದಶಿ ಊಟಕ್ಕೆ ಬಂದಿದೀವಪ್ಪಾ, ಎಲೆ ಹಾಕು" ಎಂದರು.

ವಿಷ್ಣುಮೂರ್ತಿ ಏನು ಮಾಡಬೇಕಿತ್ತು? ಇವತ್ತು ಇಲ್ಲ ಸ್ವಾಮಿ ಎನ್ನಬೇಕಿತ್ತು. ಆದರೆ ಅದು ತಿಂಡಿಯ ಹೆಸರಲ್ಲ. ಅಲ್ಲದೆ ಎದುರಿನವರ ಮಾತಿಗೆ ಇಲ್ಲ ಎಂದು ಅವನಿಗೆ ರೂಢಿಯೂ ಇಲ್ಲ. ಎಲೆ ಹಾಕಿದ, ಮೂವತ್ತನಾಲ್ಕೂ ಹಾಕಿದ. ನೀರು ಚಿಮುಕಿಸಿ ಒರೆಸಿಯೂ ಆಯಿತು.

೫

ಹಾಕಿದ ಎಲೆಯ ಮುಂದಿನಿಂದ ಒಬ್ಬ ಹಸಿದು ಎದ್ದುಹೋದರೆ ಅದಕ್ಕಿಂತ ಅವಮಾನ ಊಟದ ಹೋಟೆಲಿಗೆ ಇನ್ನೊಂದಿಲ್ಲ. ಒಬ್ಬ ಎದ್ದರೆ ಸಾಲೇ ಏಳುತ್ತದೆ. ಸಾಲು ಎದ್ದರೆ ಮೈಲಾಪೂರು ಮತ್ತೆ ಬರುವುದಿಲ್ಲ. ಹೊಳ್ಳರು ಜಪ ಮುಗಿಸಿ ಬಂದವರು ಎಲೆಗಳನ್ನು ನೋಡಿದರು, ಅಡುಗೆಮನೆಯ ತಣ್ಣಗಿನ ಒಲೆ ನೋಡಿದರು.

"ಅನ್ನಕ್ಕೇ ನಲ್ವತ್ತ್ ನಿಮ್ಷ ಬೇಕ್" ಎಂದು ಗುಂಡಣ್ಣ ತಲೆಯ ಮೇಲೆ ಕೈಹೊತ್ತ.

ಹೊಳ್ಳರು ವಿಷ್ಣುಮೂರ್ತಿಯ ಕಿವಿಯ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದರು. "ಎಲೆ ಹಾಕ್ದವ ನೀನೇ ಅಲ್ದಾ? ಒಬ್ಬ ಎದ್ರೂ ಇವತ್ತಿನ್ ಮೇಲಿಗೇ ನೀನ್ ಹೊರ್ಡುದ್."

ಮಾತಾಡಿದರೆ ಕೆಲಸ ಹೋಯಿತು, ಮಾತಾಡದೆ ಒಬ್ಬ ಎದ್ದರೂ ಹೋಯಿತು. ಕೆಲಸದ ಜೊತೆಗೆ ಆ ಭಾನುವಾರಗಳೂ ಹೋದವು. ಊರಿಗೆ ಮರಳಿದರೆ ಮತ್ತೆ ಬಾಗಿಲು ಕಾಯುವ ಪಾತ್ರ, ಎರಡೇ ಮಾತು.

ನನ್ನ ಪ್ಲಾನಿನ ಆರನೆಯ ಪುಟದಲ್ಲಿ ಅವನು ಇಲ್ಲಿ ಹೊಳ್ಳರ ಕಾಲಿಗೆ ಬಿದ್ದು ಅಳುತ್ತಾನೆ. ಎರಡೂವರೆ ಪುಟದುದ್ದ ಅವನು ಅಳುವಂತೆ ಮಾಡಿದ್ದೆ, ಚೆನ್ನಾಗಿಯೂ ಬರೆದಿದ್ದೆ. ವಿಷ್ಣುಮೂರ್ತಿ ಅದನ್ನು ಓದಿ, ನಾಲ್ಕು ಮಡಿಕೆ ಮಾಡಿ, ಅಲ್ಲಾಡುತ್ತಿದ್ದ ಒಂದು ಟೇಬಲಿನ ಕಾಲ ಕೆಳಗೆ ಇಟ್ಟ.

೬

ಹತ್ತು ನಿಮಿಷ ಕಳೆದಿತ್ತು. ಹರಿದಾಸ ರಾಯರ ತಾಳ್ಮೆ ಮುಗಿಯಿತು.

"ಏನಯ್ಯಾ ಇದು, ಎಲೆ ಇದೆ, ಅನ್ನ ಎಲ್ಲಿ? ನಿಮ್ಮ ರಾಜ್ಯದಲ್ಲಿ ಅನ್ನಕ್ಕೇ ಕ್ಷಾಮವಾ?"

ರಾಜ್ಯ ಎಂದರು ರಾಯರು. ಅವರಿಗೆ ಗೊತ್ತಿಲ್ಲದೆ ಪದ ಎತ್ತಿಕೊಟ್ಟಿದ್ದರು. ವಿಷ್ಣುಮೂರ್ತಿಯ ಬೆನ್ನು ನೆಟ್ಟಗಾಯಿತು. ಹೆಗಲ ಬಟ್ಟೆಯನ್ನು ಕೊಡವಿ ಶಲ್ಯದಂತೆ ಹೊದ್ದುಕೊಂಡ.

"ಅನ್ನ" ಎಂದ.

ಅದು ತಿಂಡಿಯ ಹೆಸರೇ. ಗಲ್ಲಾದಲ್ಲಿ ಹೊಳ್ಳರಿಗೆ ಏನೂ ಹೇಳಲಾಗಲಿಲ್ಲ. ಆದರೆ ಅಂದ ಧಾಟಿ ಭಾನುವಾರದ್ದು.

"ಅನ್ನ ಮಹಾರಾಜರು" ಎಂದು ಮುಂದುವರಿಸಿದ. "ಹಿರಿಯರೇ, ತಾವು ಹೇಳಿದ್ದು ಸತ್ಯ, ಈ ರಾಜ್ಯಕ್ಕೆ ಈ ಗಳಿಗೆಯಲ್ಲಿ ಕ್ಷಾಮ ಬಂದಿದೆ. ಅದನ್ನು ನೀಗಿಸಲು ನಮ್ಮ ಒಡೆಯರಾದ ಅನ್ನ ಮಹಾರಾಜರು ಹೊರಟಿದ್ದಾರೆ. ದಾರಿಯಲ್ಲಿದ್ದಾರೆ. ಮುಂದಾಗಿ ಬಂದ ದೂತ ನಾನು."

ಒಳಗೆ ಹೊಗೆಯಲ್ಲಿ ಕೆಮ್ಮುತ್ತಿದ್ದ ಗುಂಡಣ್ಣನ ಕಿವಿಗೆ ಆ ಧಾಟಿ ಬಿತ್ತು. ಅಷ್ಟೇ ಸಾಕಾಯಿತು. ಅಡುಗೆಮನೆಯಿಂದ ಭಾಗವತಿಕೆ ಎದ್ದು ಬಂತು:

ಹತ್ತಿತೋ ಒಲೆ ಹತ್ತಿತೋ, ಹಸಿ ಸೌದೆಯಾದರು ಹತ್ತಿತೋ
ಎತ್ತಿ ಇಟ್ಟೆನು ಹಂಡೆಯ, ಎಸರಿನ್ನು ಕುದಿಯದೆ ನಿಂತಿತೋ!

ಮೊದಲ ನಗು ಮೂಲೆಯಿಂದ ಬಂತು. ಕಿಟ್ಟು ಎಂಬ ಗುಮಾಸ್ತ, ಹುಟ್ಟಿದ್ದೂ ಬೆಳೆದದ್ದೂ ಮೈಲಾಪೂರಿನಲ್ಲೇ, ಅವನ ಕನ್ನಡದಲ್ಲಿ ಅರ್ಧ ತಮಿಳು. "ಎನ್ನಪ್ಪಾ ದೂತ, ನಿಮ್ ರಾಜಾ ಇನ್ನೂ ಎಲ್ಲಿದಾರೆ? ಲಸ್ ಕಾರ್ನರಲ್ಲಿ ಬಸ್ಸಿಗೆ ನಿಂತಿದಾರಾ? ನಂಗೆ ಎಂಟು ಗಂಟೆ ಬಸ್ ಬಿಟ್ರೆ ಅವ್ವಳವುದಾನ್, ಆಫೀಸಲ್ಲಿ ತೊಲೈಂಜೇನ್, ನನ್ ಕಥೆ ಮುಗೀತು!"

"ತಾವು ಕಂಡಿರೇ? ಕಂಡವರು ಸಾಕ್ಷಿ!" ದೂತ ಕಿಟ್ಟುವಿನ ಕಡೆ ಕೈಮುಗಿದ. "ಹೌದು ಸಭಾಸದರೇ, ಮಹಾರಾಜರು ಲಸ್ ಕಾರ್ನರಿನಲ್ಲಿ ನಿಂತಿದ್ದಾರೆ. ಬಸ್ಸು ಬಂತು. ಆದರೆ ಶ್ವೇತಚ್ಛತ್ರ ಮಡಚದೆ ಒಳಗೆ ಬಿಡುವುದಿಲ್ಲ ಎಂದ ಕಂಡಕ್ಟರು. ಛತ್ರ ಮಡಚಿದ ರಾಜ ರಾಜನೇ? ಮುಂದಿನ ಬಸ್ಸಿಗೆ ಕಾದಿದ್ದಾರೆ."

ಕಿಟ್ಟು ಹಿತ್ತಾಳೆ ಲೋಟವನ್ನು ಬೋರಲು ಹಾಕಿ ಬಾರಿಸತೊಡಗಿದ. ಮದ್ದಳೆಯೂ ಆಯಿತು.

ಆಮೇಲೆ ಊಟದ ಹಾಲಿನಲ್ಲಿ ಯಾರ ಬಾಯಿಯೂ ನಿಲ್ಲಲಿಲ್ಲ. ರಾಜನ ಜೊತೆ ತೊವ್ವೆ ಮಂತ್ರಿ ಯಾಕೆ ಬರಲಿಲ್ಲ ಎಂದು ಒಬ್ಬರು ಕೇಳಿದರು. ಅಗಸೆ ಸೊಪ್ಪಿನವರು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂದು ಇನ್ನೊಬ್ಬರು. ಯಾರು ಏನೆಸೆದರೂ ದೂತ ಹಿಡಿದುಕೊಂಡ, ಹಿಡಿದದ್ದಕ್ಕೆ ಇನ್ನಷ್ಟು ಸೇರಿಸಿ ಹಿಂದಕ್ಕೆ ಕೊಟ್ಟ. ನಾನು ಬರೆದುಕೊಳ್ಳಲು ಹೋಗಿ ಕೈ ಸೋತು ಬಿಟ್ಟುಬಿಟ್ಟೆ. (ಅರ್ಧಕ್ಕರ್ಧ ಇಲ್ಲಿ ಬಿಟ್ಟುಹೋಗಿದೆ. ಒಳ್ಳೆಯ ಅರ್ಧವೇ ಅದು.)

ಇಪ್ಪತ್ತೈದು ನಿಮಿಷವಾಯಿತು. ಆಗ ಹರಿದಾಸ ರಾಯರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತರು.

ಲೋಟದ ಸದ್ದು ನಿಂತಿತು. ಹೊಳ್ಳರ ಕೈ ಗಲ್ಲಾದ ಅಂಚನ್ನು ಹಿಡಿಯಿತು.

"ಮಾತು ಚೆನ್ನಾಗಿದೆಯಪ್ಪಾ. ಹೊಟ್ಟೆ ಕೇಳಬೇಕಲ್ಲ? ನಾನು ಬೇರೆ ರಾಜ್ಯಕ್ಕೆ ಹೋಗ್ತೀನಿ."

ಬೇಡಿ ಎನ್ನಬಹುದಿತ್ತು, ಕೂತುಕೊಳ್ಳಿ ಎನ್ನಬಹುದಿತ್ತು. ವಿಷ್ಣುಮೂರ್ತಿ ಬದಿಗೆ ಸರಿದು ದಾರಿ ಬಿಟ್ಟ.

"ಹೋಗಬೇಕಾದದ್ದೇ. ಇಷ್ಟು ತಡ ಮಾಡಿದ ಅರಸನ ನೆಲದಲ್ಲಿ ತಮ್ಮಂಥವರು ಯಾಕೆ ನಿಲ್ಲಬೇಕು? ಆದರೆ ಒಂದು ಮಾತು. ಈ ಅನ್ಯಾಯವನ್ನು ಮೊದಲು ಎತ್ತಿ ಆಡಿದವರು ತಾವು. ರಾಜರು ಬಂದಾಗ ದೂರು ಕೊಟ್ಟವರೇ ಇರದಿದ್ದರೆ ವಿಚಾರಣೆಯೇ ಇಲ್ಲ, ಅಪರಾಧಿ ನಗುತ್ತಾ ಬಿಡುಗಡೆ! ತಮ್ಮ ಶಾಲೆಯಲ್ಲಿ ತಡವಾಗಿ ಬಂದವನನ್ನು ಹಾಗೆ ಬಿಟ್ಟದ್ದುಂಟೇ?"

ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದವರು ರಾಯರು. ಒಬ್ಬನನ್ನೂ ಬಿಟ್ಟವರಲ್ಲ. ನಿಂತಲ್ಲೇ ಯೋಚಿಸಿದರು. ಮತ್ತೆ ಕೂತರು, ಈ ಸಲ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು.

"ಸರಿ. ವಿಚಾರಣೆ ಈಗಲೇ ಆಗಲಿ. ನಿಮ್ಮ ಮಹಾರಾಜ ಬರೋದು ತಡವಾದರೆ ಇಲ್ಲಿರೋ ರಾಜನನ್ನು ಕರಿ. ಅಲ್ಲಿ ಕೂತಿದಾನಲ್ಲ, ಗಲ್ಲಾದಲ್ಲಿ."

ಮೂವತ್ತನಾಲ್ಕು ತಲೆಗಳು ಹೊಳ್ಳರ ಕಡೆ ತಿರುಗಿದವು.

೭

ಇಲ್ಲಿ ನಿಲ್ಲಿಸುತ್ತೇನೆ.

ವಿಷ್ಣುಮೂರ್ತಿಗೆ ಹೊಳ್ಳರ ಹಳೆಯ ಕಥೆ ಗೊತ್ತಿರಲಿಲ್ಲ. ಸಭೆ ಕೇಳಿದ್ದನ್ನು ಅವನು ಕೇಳಲೇಬೇಕಿತ್ತು, ಕೇಳಿದ. "ಪ್ರಭುಗಳೇ, ಇವರ ದ್ವಾದಶಿ ನಿನ್ನೆ ಎಂದು ತಮಗೆ ಹೇಳಿದವರು ಯಾರು?"

ಹೊಳ್ಳರು ಎದ್ದು ನಿಂತಿದ್ದರು. ಬಾಯಿ ತೆರೆಯಲಿಲ್ಲ. ಹನ್ನೊಂದು ವರ್ಷದ ಹಿಂದಿನ ಹಾಗೆಯೇ, ಸಭೆಯಲ್ಲಿ ಯಾರೋ ಕೆಮ್ಮಿದರು.

ಪ್ಲಾನಿನಲ್ಲಿ ಈ ಜಾಗಕ್ಕೆ ಮೂರು ಮುಕ್ತಾಯಗಳಿವೆ, ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು ಎಂದುಕೊಂಡಿದ್ದೆ.

ಒಂದು: ಹೊಳ್ಳರು "ಇವ್ನೇ ಹೇಳಿದ್ದ್" ಎಂದು ವಿಷ್ಣುಮೂರ್ತಿಯ ಕಡೆ ಬೆರಳು ತೋರಿ ಅವನನ್ನು ಹೊರಗೆ ಹಾಕುತ್ತಾರೆ. ವಾಸ್ತವವಾದಿಗಳಿಗಾಗಿ.

ಎರಡು: ಸರಿಯಾಗಿ ಆ ಹೊತ್ತಿಗೆ ಅನ್ನ ಬರುತ್ತದೆ, ಪ್ರಶ್ನೆ ಮರೆತುಹೋಗುತ್ತದೆ. ಹಸಿದವರಿಗಾಗಿ.

ಮೂರು: ಹೊಳ್ಳರು ಅಳುತ್ತಾರೆ. (ನನಗೆ ಈ ಅಳು ಬರೆಯುವ ಚಟ ಯಾವಾಗ ಬಿಡುತ್ತದೋ.)

ಮೂರನ್ನೂ ಹೊಳ್ಳರ ಮುಂದೆ ಇಟ್ಟೆ. ಅವರು ಓದಿ, ಅಕ್ಕಿ ತೊಳೆಯುವ ಮೊದಲು ಕಲ್ಲು ಆರಿಸುವ ಹಾಗೆ ಒಂದೊಂದಾಗಿ ಬದಿಗೆ ಸರಿಸಿದರು. "ನೀವ್ ಸುಮ್ನಿರಿ" ಎಂದರು ನನಗೆ.

ಸುಮ್ಮನಾದೆ. ಒಳಗಿನಿಂದ ಗುಂಡಣ್ಣ ಪದ ಎತ್ತಿಕೊಟ್ಟ, ಮೆಲ್ಲಗೆ:

ಕುದಿಯಿತೋ ಎಸರು ಕುದಿಯಿತೋ, ಅಕ್ಕಿ ತಳವ ಬಿಟ್ಟು ಮೇಲೆದ್ದಿತೋ!

೮

"ದೂತನೇ" ಎಂದರು ಹೊಳ್ಳರು. ಗಂಟಲಿನಲ್ಲಿ ಹನ್ನೊಂದು ವರ್ಷದ ತುಕ್ಕು ಇತ್ತು, ಆದರೂ ಆ ಧ್ವನಿ ರಾಜನದೇ. "ನನಗೆ ಯಾರೂ ಹೇಳಲಿಲ್ಲ. ಹೇಳುವವರಿದ್ದರು. ದಿನವೂ ಈ ಸಭಾಸದರ ನಡುವೆ ಓಡಾಡುವ ನನ್ನ ಚಾರರೇ ಇದ್ದರು. ಅವರ ಬಾಯಿಗಳನ್ನು ಕಟ್ಟಿದವನು ನಾನು. ಆಮೇಲೆ ನನ್ನ ಅರಮನೆಯಲ್ಲಿ ಗೋಡೆಯ ಮೇಲಿನ ಪಂಚಾಂಗವೊಂದೇ ಮಾತಾಡಿತು, ಅದು ನನಗೆ ಬೇಕಾದ್ದನ್ನೇ ಹೇಳಿತು. ಕ್ಷಾಮ ಬಂದದ್ದು ಒಲೆಯಿಂದ ಅಲ್ಲ ದೂತನೇ, ನನ್ನಿಂದ. ದಂಡ ಏನೆಂದು ಸಭೆ ಹೇಳಲಿ."

ಗಲ್ಲಾದಲ್ಲಿ ನಿಂತ ಹೊಳ್ಳರಿಗೆ ಗಿರಾಕಿಗಳ ಮುಂದೆ ತಪ್ಪಾಯಿತು ಎನ್ನಲು ಈ ಜನ್ಮದಲ್ಲಿ ಆಗುತ್ತಿರಲಿಲ್ಲ. ರಾಜನಿಗೆ ಆಯಿತು. ನನಗೆ ಇದು ಪ್ಲಾನ್ ಮಾಡುವಾಗ ಹೊಳೆದಿರಲಿಲ್ಲ, ಹೊಳೆಯುತ್ತಲೂ ಇರಲಿಲ್ಲ.

ಹರಿದಾಸ ರಾಯರು ಎಲೆಯ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದರು, ತರಗತಿಯಲ್ಲಿ ಡೆಸ್ಕು ತಟ್ಟುವಂತೆ. "ದಂಡ ಏನಂದ್ರೆ, ರಾಜ ತಾನೇ ಬಡಿಸಬೇಕು."

ಹಾಲಿಗೆ ಹಾಲೇ ಹೋ ಎಂದಿತು. ಕಿಟ್ಟುವಿನ ಲೋಟ ನೆಗ್ಗಿಹೋಯಿತು. ಸರಿಯಾಗಿ ಏಳೂ ಹತ್ತಕ್ಕೆ ಅಡುಗೆಮನೆಯ ಬಾಗಿಲಿನಿಂದ ಹಬೆಯಾಡುವ ಹಂಡೆ ಹೊರಬಂತು. ವಿಷ್ಣುಮೂರ್ತಿ ಮುಂದೆ ನಿಂತು, "ಅನ್ನ ಮಹಾರಾಜರು ಬರುತ್ತಿದ್ದಾರೆ, ಎಚ್ಚರಿಕೆ!" ಎಂದು ಕೂಗಿದ. ಮೂವತ್ತನಾಲ್ಕು ಮಂದಿ ಹಸಿದ ಹೊಟ್ಟೆಯಲ್ಲಿ ಚಪ್ಪಾಳೆ ತಟ್ಟಿ ಅನ್ನವನ್ನು ಸ್ವಾಗತಿಸಿದರು. ಹೊಳ್ಳರು ಸೊಂಟಕ್ಕೆ ಬಟ್ಟೆ ಬಿಗಿದು ಸಾಲಿನ ತುದಿಯಿಂದ ಬಡಿಸುತ್ತಾ ಬಂದರು. ಒಬ್ಬನೂ ಎದ್ದುಹೋಗಿರಲಿಲ್ಲ. ಒಂದೇ ಒಂದು ಎಲೆ ಖಾಲಿ ಉಳಿಯಲಿಲ್ಲ. ಇದನ್ನು ಬರೆಯುವಾಗ ನನಗೆ ಕುರ್ಚಿಯಿಂದ ಎದ್ದು ಕೂಗಬೇಕೆನಿಸಿತು. ಕೂಗಿದೆ ಕೂಡ.

ಕಿಟ್ಟುವಿಗೆ ಬಸ್ಸು ತಪ್ಪಿತು. "ಪರವಾಯಿಲ್ಲೆ" ಎಂದು ಎರಡನೆಯ ಸಲ ತೊವ್ವೆ ಹಾಕಿಸಿಕೊಂಡ.

ಎಲ್ಲರೂ ಹೋದ ಮೇಲೆ ವಿಷ್ಣುಮೂರ್ತಿ ಟ್ರಂಕಿನ ಕಡೆ ನೋಡಿದ. ಎಷ್ಟಾದರೂ ಮಾತಾಡಿದ್ದ.

"ಧಣಿ, ನಾ ಹೊರ್ಡುದಾ?"

ಹೊಳ್ಳರು ಕೈ ತೊಳೆಯುತ್ತಾ ಹೇಳಿದರು. "ನಾಳಿಂದ ದಿನಾ ಬೆಳಿಗ್ಗೆ ಹತ್ತ್ ಮಂದಿ ಹತ್ರ ಮಾತಾಡಿ, ಅವ್ರ್ ಎಂತ ಹೇಳ್ರ್ ಅಂತ ನಂಗೆ ಬಂದ್ ಹೇಳ್ಕ್. ಒಂದ್ ದಿನ ತಪ್ಪಿಸು ಕಾಂಬ, ಮಂಗ್ಳೂರ್ ಮೇಲ್ ಹತ್ತಿಸ್ತೆ."

೯

ಇಲ್ಲಿ ಮುಗಿಸಿದರೆ ಚೆನ್ನಾಗಿರುತ್ತದೆ ಎಂದು ನೀವು ಹೇಳುತ್ತೀರಿ. ನಾನೂ ಹಾಗೇ ಅಂದುಕೊಂಡು ಕೆಳಗೆ ಗೆರೆ ಎಳೆದಿದ್ದೆ. ಆದರೆ ಭಾನುವಾರ ಬಂತು, ಮೂರು ಗಂಟೆಯಾಯಿತು, ಮಹಡಿಯ ಮೇಲೆ ಚಾಪೆ ಹಾಸಿತ್ತು. ಹರಿದಾಸ ರಾಯರು ಮುಂದಿನ ಸಾಲಿನಲ್ಲಿ, ಕಿಟ್ಟು ಮದ್ದಳೆಯನ್ನು ಆಸೆಯಿಂದ ನೋಡುತ್ತಾ ಅದರ ಪಕ್ಕದಲ್ಲಿ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸಿತು. ಹೊಳ್ಳರು ಶಲ್ಯ ಹೊದ್ದು ಬಂದು ದೂತನ ಎದುರಿನ ಜಾಗದಲ್ಲಿ ಕೂತರು.

"ಹನ್ನೊಂದ್ ವರ್ಷದ್ ಹಿಂದೆ ನಂಗೊಂದ್ ಪ್ರಶ್ನೆ ಕೇಳಿದ್ರ್" ಎಂದರು. "ಅದ್ನೇ ಕೇಳ್." ಮುಂದಕ್ಕೆ ಬಾಗಿ ವಿಷ್ಣುಮೂರ್ತಿಯ ಕಿವಿಯಲ್ಲಿ ಆ ಪ್ರಶ್ನೆಯನ್ನು ಹೇಳಿಕೊಟ್ಟರು.

ನನಗೆ ಕೇಳಿಸಲಿಲ್ಲ. ಪ್ರಶ್ನೆ ಏನೆಂದು ಪ್ಲಾನಿನ ಒಂಬತ್ತನೆಯ ಪುಟದಲ್ಲಿ ಬರೆದಿದ್ದೆ, ಉತ್ತರ ಹತ್ತನೆಯದರಲ್ಲಿ. ಎರಡೂ ಅಷ್ಟೇನೂ ಚೆನ್ನಾಗಿರಲಿಲ್ಲ. ಹೊಳ್ಳರು ಈ ಸಲ ಗೆದ್ದರೇ ಎಂದು ನನ್ನನ್ನು ಕೇಳಬೇಡಿ. ನಾನು ಬರೆದರೆ ಅದು ಬರೆದ ಅರ್ಥವಾಗುತ್ತದೆ, ಅದು ಅವರ ಬಾಯಲ್ಲಿ ಬರುವುದಿಲ್ಲ.

ದೂತ ಪ್ರಶ್ನೆ ಕೇಳಿದ. ಗುಂಡಣ್ಣ ಪದವನ್ನು ಒಂದು ಸಲ ಎತ್ತಿಕೊಟ್ಟ. ಎರಡನೆಯ ಸಲಕ್ಕೆ ಉಸಿರೆಳೆದುಕೊಂಡ.

ಹೊಳ್ಳರು ಕೈಯೆತ್ತಿ ಅವನನ್ನು ತಡೆದರು, ಶಲ್ಯ ಸರಿಮಾಡಿಕೊಂಡು ಬಾಯಿ ತೆರೆದರು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ನನಗೆ ಕೇಳಬೇಕಾಗಿತ್ತು.